ಬಿಲ್ಲಿನ ಬೆನ್ನು

ತುಷಾರನ ಶೆಡ್ಡಿಗೆ ಇನ್ನು ಕಾಲಿಡುವುದಿಲ್ಲ ಎಂದು ಪ್ರಾಚಿ ಆಳಂದದ ಮೈದಾನದಲ್ಲಿ ಅವನೂ ಸೇರಿ ಹತ್ತು ಜನರೆದುರು ಹೇಳಿ ಮೂರೇ ದಿನವಾಗಿತ್ತು. ಈಗ ಅದೇ ಶೆಡ್ಡಿನಲ್ಲಿ ಮುಖ ಗಂಟಿಕ್ಕಿಕೊಂಡು ನಿಂತಿದ್ದಳು. ಅವನು ಮಾಡಿಕೊಟ್ಟ ಮರದ ಬಿಲ್ಲಿನ ಬೆನ್ನಿಗೆ ಅಂಟಿಸಿದ್ದ ಬಿದಿರಿನ ಪಟ್ಟಿ ಅಭ್ಯಾಸದ ನಡುವೆಯೇ ಕಿತ್ತು ಬಂದಿತ್ತು. ಭಾನುವಾರ ಜಿಲ್ಲಾ ಬಿಲ್ಲುಗಾರಿಕೆ ತಂಡದ ಆಯ್ಕೆ. ಅದನ್ನು ಮತ್ತೆ ಕೂಡಿಸಬಲ್ಲವನು ಸುತ್ತಮುತ್ತ ಈ ಸೊಕ್ಕಿನವನೊಬ್ಬನೇ.

ಅವನೂ ಕೂರಲು ಹೇಳಲಿಲ್ಲ. ಅಂಟಿಗೆ ನೀರು ಬೆರೆಸುವ ಮೋಸಗಾರ ಎಂದು ಅವಳು ಹಬ್ಬಿಸಿದ ಮಾತಿಗೆ ಇಬ್ಬರು ತಮ್ಮ ಬಿಲ್ಲುಗಳನ್ನು ವಾಪಸ್ ತಂದು ಒಗೆದು ಹೋಗಿದ್ದರು. ಹಳೆಯ ಅಂಟನ್ನು ನೀವೇ ಕೆರೆಯಿರಿ, ಮರಕ್ಕೆ ಮಾತ್ರ ಬರಿಗೈ ತಾಗಿಸಬೇಡಿ, ಜಿಡ್ಡಿದ್ದರೆ ಅಂಟು ಹಿಡಿಯುವುದಿಲ್ಲ ಎಂದಷ್ಟೇ ಹೇಳಿದ.

ಕೆರೆಯುತ್ತಿದ್ದ ಅವಳ ಕೈ ನಿಂತಿತು. ಅಂಟು ಹಿಡಿಯದೆ ಉಳಿದ ಜಾಗದಲ್ಲಿ ನಾಲ್ಕು ಬೆರಳಿನ ಜಿಡ್ಡಿನ ಗುರುತಿತ್ತು, ತೆಳ್ಳನೆಯ ಬೆರಳುಗಳದು, ಅವಳವೇ. ಅಂಟಿಸುವ ದಿನ ಅವನು ಹೊರಗೆ ಹೋದಾಗ ಅವಳು ಬಿಲ್ಲನ್ನು ಎತ್ತಿಕೊಂಡು ಮುದ್ದಿನಿಂದ ಸವರಿದ್ದಳು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದ ಕೈ ಅದು. ಅವಳಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

"ನಿಮಗ ಇದು ಗೊತ್ತಿತ್ತು," ಎಂದಳು. "ಮೈದಾನದಾಗ ಯಾಕ ಬಾಯಿ ಬಿಡಲಿಲ್ಲ?"

ತುಷಾರ ಅಂಟು ಕಲಸುತ್ತಾ ತಲೆ ಎತ್ತಲಿಲ್ಲ. "ತಪ್ಪು ನಂದ. ನೀವು ಕೈಯಾಡಿಸೂದು ಬಾಗಲದಾಗ ನಿಂತು ನೋಡಿದ್ನಿ. ಬ್ಯಾಡ ಅನ್ನಾಕ ಬಾಯೇ ಬರಲಿಲ್ಲ, ಆಮ್ಯಾಲ ಒರಸೂದೂ ಮರತ್ನಿ."

ಅಂಟು ಆರುವುದರೊಳಗೆ ಪಟ್ಟಿ ಕೂಡಿಸಬೇಕು. ಅವಳು ಒತ್ತಿ ಹಿಡಿದಳು, ಅವನು ಸೈಕಲ್ ಟ್ಯೂಬ್ ಸೀಳನ್ನು ಎಳೆದೆಳೆದು ಸುತ್ತಿದ. ಸುತ್ತು ಅವಳ ಬೆರಳ ಹತ್ತಿರ ಬಂದಾಗಲೆಲ್ಲ ಅವನ ಕೈ ತಡವರಿಸುತ್ತಿತ್ತು. ಅವಳು ದುರುಗುಟ್ಟಿ ನೋಡಿದಳು. ಅವನ ರೆಪ್ಪೆಯ ಮೇಲೆ ಕೂತ ಮರದ ಪುಡಿಯೂ ಕಂಡಿತು, ಅದಕ್ಕೂ ಸಿಟ್ಟು ಬಂತು. ಇಂಥವನ ಮೇಲೆ ತಾನು ಜೀವ ಇಟ್ಟಿದ್ದೇನೆ ಎಂದು ಆಗಲೇ ಅವಳಿಗೆ ತಿಳಿದದ್ದು.

ಕೊನೆಯ ಗಂಟು ಬಿದ್ದೊಡನೆ ಕೋಚ್ ದಶರಥ ಸರ್‌ಗೆ ಫೋನ್ ಹಚ್ಚಿದಳು. ಅಂಟು ಸರಿಯಾಗಿಯೇ ಇತ್ತು, ಕೆಡಿಸಿದ್ದು ತನ್ನ ಎಣ್ಣೆ ಕೈ, ಎಲ್ಲರಿಗೂ ಹೇಳಿಬಿಡಿ ಎಂದಳು. ಅವನು ನೋಡಿಯೂ ಸುಮ್ಮನಿದ್ದ ಎಂಬುದನ್ನೂ ಬಿಡಲಿಲ್ಲ. ಯಾಕೆ ಸುಮ್ಮನಿದ್ದ ಎಂದು ಸರ್ ಕೇಳಿದರು. ಅವಳು ಫೋನನ್ನು ಅವನತ್ತ ಚಾಚಿದಳು.

"ನನ್ನ ತಪ್ಪು ನಾ ಹೇಳೀನಿ. ಈಗ ನಿಮ್ದು ನೀವು ಹೇಳ್ರಿ."

ಅವನು ಅಂಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡ. ಕಣ್ಣು ಮಾತ್ರ ಅವಳ ಮೇಲೇ ಇತ್ತು.

"ಬಿಲ್ಲಿನ ಕಡೆ ಲಕ್ಷ್ಯ ಇದ್ದಿಲ್ರಿ ಸರ್," ಎಂದ. "ನಾ ಆಕಿನ್ನ ನೋಡಾಕತ್ತಿದ್ನಿ."