ನೆನೆಸಿಟ್ಟ ನೆನಪು

"ಸಾಕು, ಜಾಸ್ತಿಯಾಯ್ತು," ಎಂದಿತು ಲ್ಯಾಪ್‌ಟಾಪು.

ಊಟಕ್ಕೆ ಕೂತಿದ್ದ ಪಂಚಾಕ್ಷರಯ್ಯನವರ ಪಕ್ಕದ ಸ್ಟೂಲಿನ ಮೇಲಿದ್ದ ಅದು ಈ ಮಾತನ್ನು ಹೇಳಬೇಕಾಗಿದ್ದದ್ದು ಅನ್ನಕ್ಕೆ. ಹೆಂಡತಿ ರುದ್ರಾಣಮ್ಮ ಆಗಲೇ ಅನ್ನ ಬಡಿಸಿ ಒಳಗೆ ಹೋಗಿಯಾಗಿತ್ತು. ಅಷ್ಟರಲ್ಲಿ ನಾದಿನಿ ಕಾತ್ಯಾಯಿನಿ ಬಾಗಿಲಿಗೆ ಒರಗಿ ನಿಂತು, "ಇನ್ನೆರಡು ದಿನ ಇದ್ದು ಹೋಗ್ಲಾ ಭಾವ?" ಎಂದು ಕೇಳಿದ್ದಳು. ಉತ್ತರ ಹೊರಟದ್ದು ಅನ್ನಕ್ಕೆ, ತಲುಪಿದ್ದು ನಾದಿನಿಗೆ. ಆಕೆ ಸಂಜೆಯ ಬಸ್ಸಿಗೇ ಊರಿಗೆ ಹೊರಟುಹೋದಳು. ಅಕ್ಕ ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ.

ಇದು ಇನ್ನೂ ಬರಬೇಕಾಗಿರುವ ಕಾಲದ ತಿಪಟೂರು. ಪಂಚಾಕ್ಷರಯ್ಯ ಒಂದಾನೊಂದು ಕಾಲಕ್ಕೆ ಕೊಬ್ಬರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಅವರ ಬಾಯಿಗೆ ಎದುರಾಡಿ ಗೆದ್ದ ವ್ಯಾಪಾರಿ ಇರಲಿಲ್ಲ. ಗಂಟಲಿನ ಬೇನೆಗೆ ಶಸ್ತ್ರಚಿಕಿತ್ಸೆಯಾಗಿ ಆ ದನಿ ಹೋಯಿತು. ಆದರೆ ಆ ಕಾಲದಲ್ಲಿ ದನಿ ಹೋದವರು ಸುಮ್ಮನೆ ಕೂರಬೇಕಾಗಿರಲಿಲ್ಲ. ಮನುಷ್ಯ ಮನಸ್ಸಿನಲ್ಲೇ ಮಾತಾಡಿಕೊಂಡರೂ ಅವನ ಗಂಟಲಿನ ಸ್ನಾಯುಗಳು ಕಣ್ಣಿಗೆ ಕಾಣದಷ್ಟು ಅಲುಗುತ್ತವೆ. ಕುತ್ತಿಗೆಗೆ ಕಟ್ಟಿಕೊಂಡ 'ಕೊರಳಪಟ್ಟಿ' ಆ ಅಲುಗಾಟವನ್ನು ಹಿಡಿದು ಲ್ಯಾಪ್‌ಟಾಪಿಗೆ ಕಳಿಸುತ್ತಿತ್ತು. ಅದು ಯಾವ ಮಾತೆಂದು ಗುರುತಿಸಿ, ಪಂಚಾಕ್ಷರಯ್ಯನವರ ಹಳೆಯ ದನಿಯಲ್ಲೇ ಆಡುತ್ತಿತ್ತು.

ತೊಂದರೆಯಿದ್ದದ್ದು ಲ್ಯಾಪ್‌ಟಾಪಿನ ಕೆಲಸದ ನೆನಪಿನಲ್ಲಿ. ಇದು ಅಡುಗೆಮನೆಯ ಕಟ್ಟೆಯಿದ್ದಂತೆ. ಉಗ್ರಾಣದಲ್ಲಿ ಎಷ್ಟು ಸಾಮಾನು ತುಂಬಿದ್ದರೇನು, ಕಟ್ಟೆ ಚಿಕ್ಕದಾದರೆ ಒಂದನ್ನು ಒಳಗಿಟ್ಟೇ ಇನ್ನೊಂದನ್ನು ತರಬೇಕು. ಹರಾಜು ಕೂಗಿದವರ ಉಗ್ರಾಣದಲ್ಲಿ ಮಾತಿಗೇನು ಬರವಿರಲಿಲ್ಲ, ಆದರೆ ಕಟ್ಟೆ ಅಂಗೈಯಗಲ. ಹೀಗಾಗಿ ಪ್ರತಿ ಮಾತೂ ತಡವಾಗಿ ಬಂದು, ಅವರ ತಮಾಷೆ ಹೊರಬೀಳುವ ಹೊತ್ತಿಗೆ ಸುತ್ತಲಿನವರ ಮಾತು ಯಾರದೋ ಸಾವಿನ ಸುದ್ದಿಗೆ ತಿರುಗಿರುತ್ತಿತ್ತು. ನೆಂಟರು ಬರಬರುತ್ತಾ ಅವರನ್ನು ಮಾತಾಡಿಸುವುದನ್ನೇ ಕಡಿಮೆ ಮಾಡಿದರು.

ಇದೆಲ್ಲವನ್ನೂ ಅವರು ಹೇಗೋ ಸಹಿಸಿಕೊಂಡಿದ್ದರು. ಸಹಿಸಲಾಗದ ಸುದ್ದಿ ಬಂದದ್ದು ಕಾತ್ಯಾಯಿನಿಯ ಮಗಳು ಸುಚೇತಾಳ ಸಂಬಂಧ ಕುದುರಿದಾಗ. ತಂದೆಯನ್ನು ಕಳೆದುಕೊಂಡ ಆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮಂಡಿಯೆಲ್ಲ ತಿರುಗಿಸಿದವರು ಪಂಚಾಕ್ಷರಯ್ಯ. ವೀಳ್ಯಶಾಸ್ತ್ರ ಅವರ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ಹೆಣ್ಣಿನ ಕಡೆಯ ಹಿರಿಯರು ವೀಳ್ಯ ಹಿಡಿದು ಬಾಯಿಬಿಟ್ಟು "ಹೆಣ್ಣು ಕೊಟ್ಟಿದ್ದೇವೆ" ಎನ್ನಬೇಕು. ತಲೆಯಾಡಿಸಿದರೆ ಅದು ಮಾತಾಗುವುದಿಲ್ಲ. ಕಾತ್ಯಾಯಿನಿ ಅಕ್ಕನಿಗೆ ಫೋನಿನಲ್ಲಿ ಹೇಳಿದಳು: "ಭಾವ ಮುಂದೆ ಕೂತ್ಕೊಳ್ಲಿ, ಬೇಡ ಅನ್ನಲ್ಲ. ಆ ಪೆಟ್ಟಿಗೆ ಮಾತ್ರ ತೆಗೀಬೇಡ ಅಕ್ಕ. ಮಾತನ್ನ ನಮ್ಮ ಚಿಕ್ಕಪ್ಪನ ಮಗ ಕೊಡ್ತಾನೆ."

ಪಂಚಾಕ್ಷರಯ್ಯನವರಿಗೆ ತುಂಬಾ ನೋವಾಯಿತು. ಅಂದು ಅವರು ಅನ್ನಕ್ಕೆ ಸಾಕು ಎಂದದ್ದು ಮೊದಲ ತುತ್ತಿಗೇ. ಗಂಡನ ತಟ್ಟೆ ನೋಡಿದ ರುದ್ರಾಣಮ್ಮ ಮಾರನೆಯ ದಿನವೇ ಕೊರಳಪಟ್ಟಿ ಕೊಟ್ಟಿದ್ದ ತುಮಕೂರಿನ ಡಾಕ್ಟರ್ ಮುಕುಂದರಿಗೆ ಫೋನು ಹಚ್ಚಿದರು.

ಮುಕುಂದರು ಔಷಧಿಯ ಡಾಕ್ಟರಲ್ಲ, ವಿಜ್ಞಾನಿ. ಅವರಿಗೆ ಹುಚ್ಚುಗಳು ಎರಡು. ಒಂದು, ಯಂತ್ರದ ಮಾತು ತಡವಾಗಬಾರದು ಎಂಬುದು. ಇನ್ನೊಂದು, ವಿಜ್ಞಾನಕ್ಕೆ ಅಚ್ಚಗನ್ನಡದ ಪದವನ್ನೇ ಬಳಸಬೇಕು ಎಂಬುದು. ಬಂಡೆಯ ಮೇಲೆ ಬೆಳೆಯುವ ಹಾವಸೆ ವರ್ಷಗಟ್ಟಲೆ ಒಣಗಿದ್ದು, ನಾಲ್ಕು ಹನಿ ಬಿದ್ದರೆ ಚಿಗುರುತ್ತದೆಯಷ್ಟೆ? ಅದರ ಒಳಗಿನ ಒಂದು ಜೀವದ್ರವ್ಯ ತನ್ನ ಮಡಿಕೆಗಳಲ್ಲಿ ನೆನಪನ್ನು ಹಿಡಿದಿಡಬಲ್ಲದೆಂದು ಕಂಡುಕೊಂಡು, ಅದನ್ನು ಒಣಗಿಸಿ, ನಾಲ್ಕಾಣೆಯಷ್ಟಗಲದ 'ನೆನೆಬಿಲ್ಲೆ'ಯನ್ನು ಅವರು ತಯಾರಿಸಿದ್ದರು. ಹೊಸ ಬಿಲ್ಲೆ ಇನ್ನಷ್ಟು ಚುರುಕಾಗಲೆಂದು ಅದನ್ನು ಲ್ಯಾಪ್‌ಟಾಪಿನೊಳಗಿನ ಹಳೆಯ ನೆನಪಿನ ಪಟ್ಟಿಯ ಜೊತೆ ಒಂದು ರಾತ್ರಿ ಪುಟ್ಟ ಡಬ್ಬಿಯಲ್ಲಿಟ್ಟು ಪಾಠ ಕಲಿಸುವ ಪದ್ಧತಿಯಿತ್ತು. ನೆನಪು ತುಂಬಿಸುವ ಈ ಕೆಲಸಕ್ಕೆ ಮುಕುಂದರು ಇಟ್ಟಿದ್ದ ಹೆಸರು 'ನೆನೆಸುವುದು'. ಪ್ರಯೋಗಾಲಯದಲ್ಲಿ ಎಲ್ಲರೂ ಆ ಪದವನ್ನು ಕೊಂಡಾಡಿದ್ದರು. ಅವರಲ್ಲಿ ಯಾರೂ ದೋಸೆಗೆ ಬೇಳೆ ನೆನೆಹಾಕಿದವರಲ್ಲ.

ಬಿಲ್ಲೆ ಡಬ್ಬಿಯ ಸಮೇತ ಅಂಚೆಯಲ್ಲಿ ಬಂತು. ಕೂರಿಸುವ ಕ್ರಮವನ್ನು ಮುಕುಂದರು ಫೋನಿನಲ್ಲೇ ವಿವರಿಸಿದರು. "ಮೊದ್ಲು ಬಿಲ್ಲೇನ ಒಂದು ರಾತ್ರಿ ನೆನೆಸಿಡಿ ಅಮ್ಮ. ಬೆಳಗ್ಗೆ ಅದನ್ನ ಮುಟ್ಟೋ ಮುಂಚೆ ಒಂದ್ಸಲ ನಲ್ಲಿ ಮುಟ್ಟಿ. ಮರೀಬೇಡಿ." ನಲ್ಲಿಯ ಮಾತು ಬಂದದ್ದು ಮೈಯಲ್ಲಿ ಸೇರಿಕೊಂಡಿರಬಹುದಾದ ಸಣ್ಣ ವಿದ್ಯುತ್ತು ಲೋಹದ ಮೂಲಕ ಇಳಿದುಹೋಗಲಿ ಎಂದು. ರುದ್ರಾಣಮ್ಮನವರಿಗೆ ಅದೆಲ್ಲ ಗೊತ್ತಾಗಲಿಲ್ಲ. ನೆನೆಸುವುದಾದರೆ ನಲ್ಲಿ ಬೇಕೇಬೇಕಲ್ಲ ಎನ್ನಿಸಿತು, ಅಷ್ಟೆ. ಸಂಜೆ ಉದ್ದಿನಬೇಳೆ ನೆನೆಹಾಕುವಾಗ ಪಕ್ಕದಲ್ಲೊಂದು ಬಟ್ಟಲು ನೀರಿಟ್ಟು ಬಿಲ್ಲೆಯನ್ನೂ ಹಾಕಿದರು. ಬೆಳಿಗ್ಗೆ ಮೊಳಕೆ ಬಂದಿದೆಯೇನೋ ಎಂದು ತಿರುಗಿಸಿ ನೋಡಿ, ಬಂದಿಲ್ಲವೆಂದು ಸಮಾಧಾನಪಟ್ಟು, ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿದರು. ಮಾರನೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪಿನ ತಳದ ತಿರುಪು ಬಿಚ್ಚಿ, ಹಳೆಯ ಪಟ್ಟಿಯ ಪಕ್ಕದ ಖಾಲಿ ಗೂಡಿಗೆ ಬಿಲ್ಲೆಯನ್ನು ಓರೆಯಾಗಿ ತೂರಿಸಿ, ಟಕ್ಕೆನ್ನುವವರೆಗೂ ಒತ್ತಿದರು.

ಪಂಚಾಕ್ಷರಯ್ಯ ಕೊರಳಪಟ್ಟಿ ಕಟ್ಟಿಕೊಂಡರು. ಹೆಂಡತಿ ತಟ್ಟೆಗೆ ದೋಸೆ ಹಾಕಿ ಹೇಗಿದೆಯೆಂದು ಕೇಳಿದರು.

"ತಳ ಸ್ವಲ್ಪ ಹೊತ್ತಿದೆ. ಮಾಡಿದೋಳ ಥರಾನೇ, ಮೇಲೆ ಮಾತ್ರ ಮೆತ್ತಗೆ," ಎಂದಿತು ಲ್ಯಾಪ್‌ಟಾಪು, ದೋಸೆ ಇನ್ನೂ ಬಿಸಿಯಿರುವಾಗಲೇ.

ರುದ್ರಾಣಮ್ಮ ಸೌಟು ಹಿಡಿದುಕೊಂಡೇ ಅತ್ತುಬಿಟ್ಟರು. ಹೊತ್ತಿಗೆ ಸರಿಯಾಗಿ ಬೈಸಿಕೊಂಡು ಎಷ್ಟು ಕಾಲವಾಗಿತ್ತೋ. ಅಂದೇ ತಂಗಿಗೆ ಫೋನು ಮಾಡಿ ಭಾವನ ಜೊತೆ ಮಾತಾಡಿಸಿದರು. ಅನ್ನದ ಕಥೆ ಬಿಡಿಸಿ ಹೇಳಿದ ಮೇಲೆ ಕಾತ್ಯಾಯಿನಿಯ ಕೋಪ ಇಳಿಯಿತು, ಹೆದರಿಕೆ ಮಾತ್ರ ಇಳಿಯಲಿಲ್ಲ. ಮಾತನ್ನು ಭಾವನೇ ಕೊಡಲಿ, ಆದರೆ ಒಂದು ಮಾತು ಹೆಚ್ಚುಕಡಿಮೆಯಾದರೂ ಸಂಬಂಧ ತಪ್ಪಿಹೋಗುತ್ತದೆ, ನೆನಪಿರಲಿ ಎಂದಳು.

ವೀಳ್ಯಶಾಸ್ತ್ರದ ದಿನ ಬೆಳಿಗ್ಗೆ ಮುಕುಂದರ ನಿದ್ದೆ ಹಾರಿಸುವ ಸುದ್ದಿಗಳು ಒಂದರ ಹಿಂದೊಂದು ಬಂದವು. ನೆನೆಬಿಲ್ಲೆ ಹಾಕಿಸಿಕೊಂಡ ಮೇಷ್ಟರೊಬ್ಬರು ಶಾಲೆ ನೋಡಲು ಬಂದ ಅಧಿಕಾರಿಯ ಮುಖದೆದುರೇ "ಬಂತಪ್ಪ ಪೀಡೆ" ಎಂದುಬಿಟ್ಟಿದ್ದರು. ಇನ್ನೊಬ್ಬರು ಅತ್ತೆಯ ಹೊಸ ಸೀರೆಯ ಬಗ್ಗೆ ಆಡಿದ್ದನ್ನು ಬರೆಯುವಂತಿಲ್ಲ. ತಪ್ಪು ಎಲ್ಲಿದೆಯೆಂದು ಮುಕುಂದರಿಗೆ ಹೊಳೆಯಿತು. ಮನುಷ್ಯನಿಗೆ ಮೊದಲು ಬರುವ ಮಾತು ಬೇರೆ, ಅವನು ಆಡುವ ಮಾತು ಬೇರೆ. ನಡುವೆ ಅವನೊಮ್ಮೆ ಉಗುಳು ನುಂಗುತ್ತಾನೆ. ಚುರುಕಿನ ಬಿಲ್ಲೆ ಆ ನುಂಗುವಷ್ಟು ಹೊತ್ತನ್ನೂ ಉಳಿಸಿರಲಿಲ್ಲ. ತಿಪಟೂರಿಗೆ ಫೋನು ಮಾಡಿದರೆ, ಶುಭಕಾರ್ಯದ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಬಿಲ್ಲೆಯನ್ನು ಕಿತ್ತುಹಾಕಲೆಂದು ಅವರೇ ಕಾರು ಹತ್ತಿದರು.

ಅವರು ಬಂದು ಮುಟ್ಟಿದಾಗ ಜಮಖಾನದ ಮೇಲೆ ಎರಡೂ ಕಡೆಯವರು ಎದುರುಬದುರು ಕೂತಾಗಿತ್ತು. ಪಂಚಾಕ್ಷರಯ್ಯನವರ ಕೈಯಲ್ಲಿ ವೀಳ್ಯದ ತಟ್ಟೆಯಿತ್ತು. ಮುಕುಂದರು ಬಾಗಿಲ ಬಳಿಯೇ ನಿಂತರು. ಗಂಡಿನ ಸೋದರಮಾವ ಕಾಲು ಚಾಚಿ, ಎಲೆಯಡಿಕೆ ಜಗಿಯುತ್ತ ಹೇಳಿದ: "ತಂದೆ ಇಲ್ದಿರೋ ಹುಡುಗಿ. ನಾವಾಗಿರೋ ಹೊತ್ಗೆ ಒಪ್ಕೊಂಡಿದ್ದೀವಿ, ಬೇರೆಯೋರಾಗಿದ್ರೆ ಯೋಚ್ನೆ ಮಾಡೋರು."

ಕಾತ್ಯಾಯಿನಿ ತಲೆ ತಗ್ಗಿಸಿದಳು. ಕೊರಳಪಟ್ಟಿಯ ಹಸಿರು ದೀಪ ಪಟಪಟನೆ ಮಿನುಗುವುದನ್ನು ಮುಕುಂದರು ಕಂಡರು. ಮಂಡಿಯಲ್ಲಿ ಕಲಿತ ಮಾತೊಂದು ಹೊರಟಿತ್ತು, ಸಂದೇಹವಿರಲಿಲ್ಲ. ವಿಜ್ಞಾನಿ ಕಣ್ಣು ಮುಚ್ಚಿಕೊಂಡರು.

ಲ್ಯಾಪ್‌ಟಾಪು ಸುಮ್ಮನಿತ್ತು. ಪಂಚಾಕ್ಷರಯ್ಯನವರ ಗಂಟಲು ಒಮ್ಮೆ ಏರಿ ಇಳಿಯಿತು. ಆಮೇಲೆ ಆ ಹಳೆಯ, ತುಂಬಿದ ದನಿ ಮೆಲ್ಲಗೆ ಬಂತು.

"ತಂದೆ ಇಲ್ಲ ಅಂತ ಯಾರು ಹೇಳಿದ್ರು ನಿಮ್ಗೆ? ನಾನು ಕೂತಿದ್ದೀನಲ್ಲ. ಹೆಣ್ಣು ಕೊಟ್ಟಿದ್ದೇವೆ, ವೀಳ್ಯ ತಗೊಳ್ಳಿ."

ಗಂಡಿನ ತಂದೆ ಮುಂದೆ ಬಾಗಿ ಎರಡೂ ಕೈಯಿಂದ ತಟ್ಟೆ ತೆಗೆದುಕೊಂಡರು. ಸೋದರಮಾವ ಚಾಚಿದ್ದ ಕಾಲನ್ನು ಒಳಗೆಳೆದುಕೊಂಡ.

ಊಟವಾದ ಮೇಲೆ ಮುಕುಂದರು ರುದ್ರಾಣಮ್ಮನವರನ್ನು ಬಿಲ್ಲೆಗೆ ಏನು ಮಾಡಿದಿರೆಂದು ಕೇಳಿದರು. ನೀವು ಹೇಳಿದ ಹಾಗೇ ನೆನೆಸಿಟ್ಟೆ ಎಂದರು ಆಕೆ. ಬಟ್ಟಲು, ಉದ್ದಿನಬೇಳೆ, ನಲ್ಲಿ ಎಲ್ಲವೂ ಹೊರಬಂತು. ಜೊತೆಗೆ ಬಂದಿದ್ದ ಡಬ್ಬಿ ಚೆನ್ನಾಗಿತ್ತೆಂದು ಅದರಲ್ಲಿ ಏಲಕ್ಕಿ ಹಾಕಿಟ್ಟಿದ್ದರು. ವಿಜ್ಞಾನಿ ತಲೆಯ ಮೇಲೆ ಕೈಹೊತ್ತು ಕೂತರು. ಹಾವಸೆಯ ದ್ರವ್ಯಕ್ಕೆ ಒಂದಿಷ್ಟು ಪಸೆ ತಾಗಿ, ಅದರ ಮಡಿಕೆಗಳು ಕೂಡಿಕೊಳ್ಳಲು ಕ್ಷಣ ಹೊತ್ತು ಹೆಚ್ಚು ಹಿಡಿಯುತ್ತಿತ್ತು. ಅಷ್ಟರೊಳಗೆ ಗಂಟಲು ನುಂಗಿದರೆ ಅರ್ಧ ಮಡಿಸಿದ ಮಾತು ಅಲ್ಲೇ ಬಿಚ್ಚಿಹೋಗುತ್ತಿತ್ತು. ಯಾವ ತಡವನ್ನು ತೆಗೆಯಲು ಅವರು ಅರ್ಧ ಆಯುಸ್ಸು ಸವೆಸಿದ್ದರೋ, ಆ ತಡವನ್ನೇ ಈಕೆ ಬೇಕಾದಷ್ಟು ಮಾತ್ರ ನೀರು ಹಾಕಿ ವಾಪಸು ತಂದಿದ್ದರು.

"ಮೊದ್ಲು ಹೊರಟಿತ್ತಲ್ಲ, ಆ ಮಾತೇನು?" ಎಂದು ಮುಕುಂದರು ಕುತೂಹಲ ತಡೆಯಲಾರದೆ ಪಂಚಾಕ್ಷರಯ್ಯನವರನ್ನು ಕೇಳಿದರು.

"ನುಂಗಿಯಾಯ್ತು ಸಾರ್. ಈಗ ಕಕ್ಕಿಸಬೇಡಿ."

ಮುಂದೆ ಮುಕುಂದರ ಎಲ್ಲ ಬಿಲ್ಲೆಗಳೂ ನೀರು ಕಂಡೇ ಹೊರಬಿದ್ದವು. ಎಷ್ಟು ಹೊತ್ತು ಎಂದು ಯಾರಾದರೂ ಕೇಳಿದರೆ, ಉದ್ದಿನಬೇಳೆ ನೆನೆಯುವಷ್ಟು ಎಂದು ಅಚ್ಚಗನ್ನಡದಲ್ಲೇ ಹೇಳುತ್ತಿದ್ದರು. ಅಂದು ಮಾತ್ರ ಅವರು ಬಿಲ್ಲೆಯನ್ನು ಕೀಳದೆ, ಎರಡು ಹೋಳಿಗೆ ಕಟ್ಟಿಸಿಕೊಂಡು ಹೊರಟರು.

ನೆಂಟರೆಲ್ಲ ಹೋದ ಮೇಲೆ, ರಾತ್ರಿ ಊಟದ ಹೊತ್ತಿಗೆ ಕಾತ್ಯಾಯಿನಿ ಬಾಗಿಲಿಗೆ ಒರಗಿ ನಿಂತಳು. ಸೆರಗಿನ ತುದಿ ಸುತ್ತುತ್ತ ಕೇಳಿದಳು.

"ಇನ್ನೆರಡು ದಿನ ಇದ್ದು ಹೋಗ್ಲಾ ಭಾವ?"

ಅನ್ನ ಬಡಿಸುತ್ತಿದ್ದ ರುದ್ರಾಣಮ್ಮನವರ ಕೈ ಅಲ್ಲೇ ನಿಂತಿತು. ಪಂಚಾಕ್ಷರಯ್ಯ ಒಮ್ಮೆ ಅನ್ನವನ್ನು, ಒಮ್ಮೆ ನಾದಿನಿಯನ್ನು ನೋಡಿದರು. ಕ್ಷಣ ಬಿಟ್ಟು ಲ್ಯಾಪ್‌ಟಾಪು ಹೇಳಿತು:

"ಎರಡು ದಿನ ಸಾಲದು."