ಉರುಳದೆ ನಿಂತವನು

"ನನ್ನ ಡ್ರಮ್ ಕದ್ದೋರು ಯಾರು?"

ಬಾಗಿಲಲ್ಲಿ ನಿಂತವನ ಅಬ್ಬರಕ್ಕೆ ಶಿಶುವಿಹಾರದ ಮಕ್ಕಳು ಒಂದಿಷ್ಟೂ ಹೆದರಲಿಲ್ಲ. ಇಡೀ ತರಗತಿ ಒಂದೇ ದನಿಯಲ್ಲಿ "ಟೀಚರ್!" ಎಂದು ಬೆರಳು ತೋರಿಸಿತು. ಎಂಥ ನಿಯತ್ತು ನೋಡಿ!

ಟೀಚರ್ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಬೆಂಚಿಗೆ ಇಳಿಜಾರಾಗಿ ಒರಗಿಸಿದ ಹಲಗೆ, ಹಲಗೆಯ ತುದಿಯಲ್ಲಿ ಅವನ ಡ್ರಮ್.

"ಕದ್ದಿಲ್ಲ. ಎದುರಿನ ಅಂಗಡಿ ಬಾಗಿಲಲ್ಲಿತ್ತು, ನೀವಿರಲಿಲ್ಲ, ಎತ್ಕೊಂಡು ಬಂದೆ."

"ಅದಕ್ಕೇ ಕಳ್ಳತನ ಅನ್ನೋದು!"

"ಒಂದ್ನಿಮಿಷ ಸುಮ್ನಿರ್ತೀರಾ? ಪಾಠ ನಡೀತಿದೆ."

ಕೋಪ ಅವಳ ಮೂಗಿನ ತುದಿಯಲ್ಲೇ ಇತ್ತು. ಆ ಮೂಗಿಗೊಂದು ಚಾಕ್‌ಪೀಸಿನ ಗೆರೆಯೂ ಹತ್ತಿತ್ತು. ಡ್ರಮ್ ರಿಪೇರಿಯವನು ಅದನ್ನು ನೋಡಿದ, ಬೈಯಬೇಕೆಂದು ಬಂದದ್ದನ್ನು ಮರೆತ.

"ಉರುಳತ್ತಾ, ಜಾರತ್ತಾ, ನಿಲ್ಲತ್ತಾ?" ಎಂದು ಮಕ್ಕಳು ರಾಗ ಎಳೆದರು. ಆ ತರಗತಿಯಲ್ಲಿ ಯಾವ ವಸ್ತುವಿಗೂ ಈ ಪರೀಕ್ಷೆ ತಪ್ಪಿದ್ದಲ್ಲ. ಟೀಚರ್ ಕೈಬಿಟ್ಟಳು. ಡ್ರಮ್ ಗಡಗಡನೆ ಉರುಳಿ ಬಂದು ಯಜಮಾನನ ಕಾಲ್ಬೆರಳಿಗೇ ಬಡಿಯಿತು.

"ಅಯ್ಯಯ್ಯೋ!"

"ಮಲಗಿಸಿದ್ರೆ ಉರುಳತ್ತೆ, ನಿಲ್ಲಿಸಿದ್ರೆ ನಿಲ್ಲತ್ತೆ! ಸಿಲಿಂಡರ್!" ಮಕ್ಕಳು ಕುಣಿದಾಡಿದರು. ನಗು ತಡೆಯಲು ಟೀಚರ್ ತುಟಿ ಕಚ್ಚಿ ಹಿಡಿದಳು. ಅವನು ಕುಂಟುತ್ತ ಹೊರಟ. ಡ್ರಮ್ಮನ್ನು ಮಾತ್ರ ಅಲ್ಲೇ ಬಿಟ್ಟ.

ಮರುದಿನ ಒಂದು ಹಳೇ ಆಲಿಕೆ ಹಿಡಿದು ಬಂದ. "ಕೋನ್ ಬೇಕಾಗಬಹುದು ಅಂತ..." ಆಮೇಲೆ ರಬ್ಬರ್ ಚೆಂಡು ಬಂತು, ದಾಳ ಬಂತು, ಬೆಂಕಿಪೊಟ್ಟಣ ಬಂತು. ಇಷ್ಟಕ್ಕೂ ಬೆಂಕಿಪೊಟ್ಟಣ ತಂದುಕೊಡಲು ಗಂಡಸೊಬ್ಬ ತಲೆ ಬಾಚಿಕೊಂಡು ಬರಬೇಕೇ? ಟೀಚರಿಗೆ ಎಲ್ಲ ಅರ್ಥವಾಗಿತ್ತು. ಅವಳೇನು ಕುರುಡಿಯೇ?

ಒಂದು ದಿನ ಮಕ್ಕಳು ಅವನನ್ನೂ ಆಟಕ್ಕೆ ಎಳೆದರು. ಕಣ್ಣುಮುಚ್ಚಿ, ಚೀಲದೊಳಗೆ ಕೈಹಾಕಿ, ಮುಟ್ಟಿಯೇ ಆಕಾರ ಹೇಳಬೇಕು. ಟೀಚರ್ ಚೀಲ ಹಿಡಿದಿದ್ದಳು. ಅವನ ಕೈ ಒಳಗೆ ಹುಡುಕಾಡಿ, ಬಟ್ಟೆಯ ಆಚೆಗಿದ್ದ ಅವಳ ಬೆರಳನ್ನು ಹಿಡಿಯಿತು.

"ಅದು ಆಕಾರ ಅಲ್ಲ, ಬಿಡಿ," ಅವಳು ಪಿಸುಗುಟ್ಟಿದಳು.

"ಗೊತ್ತಾಗೋವರೆಗೂ ಬಿಡಬಾರದು ಅಂತ ರೂಲ್ಸ್ ಮಾಡಿದ್ದು ನೀವೇ."

"ಗೊತ್ತಾಗ್ಲಿಲ್ವಾ ಇನ್ನೂ?"

"ಗೊತ್ತಾಯ್ತು. ಅದಕ್ಕೇ ಬಿಡೋಕೆ ಮನಸ್ಸಿಲ್ಲ."

ಅವನ ಕಣ್ಣು ಮುಚ್ಚಿಯೇ ಇತ್ತು. ಕೆಂಪಾದ ಅವಳ ಮುಖವನ್ನು ಮಕ್ಕಳಷ್ಟೇ ನೋಡಿದರು. ಅವಳಿಗೆ ಅವನು ಇಷ್ಟವಾಗಿದ್ದ, ತುಂಬಾ ಇಷ್ಟವಾಗಿದ್ದ.

ತೊಡಕೆಂದರೆ ಅವನ ಅಮ್ಮ. ಆಕೆಯೇ ಶಿಶುವಿಹಾರದ ಹೆಡ್ ಮೇಡಂ. ಈ ಶಾಲೆ ಶುರುವಾದಾಗ ಆಕೆ ತನ್ನ ಕೈಯಾರೆ ಬಣ್ಣ ಹಾಕಿ ಬರೆದ ಚಾರ್ಟೊಂದಿತ್ತು: ವೃತ್ತ, ಚೌಕ, ತ್ರಿಕೋನ. ಅದನ್ನು ನೋಡಿ ಬಾಯಿಪಾಠ ಮಾಡುವುದೇ ಅಲ್ಲಿನ ಪಾಠ. ಟೀಚರ್ ಬಂದ ಮೇಲೆ ಅದು ಬೀರುವಿನ ಪಾಲಾಗಿತ್ತು.

ಮಗನ ಮನಸ್ಸು ತಿಳಿದ ದಿನ ಮೇಡಂ ಟೀಚರನ್ನು ಆಫೀಸಿಗೆ ಕರೆದರು.

"ಪೇರೆಂಟ್ಸ್ ಡೇಗೆ ನನ್ನ ಚಾರ್ಟ್‌ನಲ್ಲೇ ಪಾಠ ಆಗ್ಬೇಕು. ಹಲಗೆ, ಡಬ್ಬ, ಗಲಾಟೆ ಏನೂ ಬೇಡ. ಹೇಳಿದ ಮಾತು ಕೇಳೋ ಸೊಸೆ ನನಗೆ ಬೇಕು. ಕೇಳದ ಟೀಚರಂತೂ ಬೇಡವೇ ಬೇಡ."

ಒಂದೇ ಏಟಿಗೆ ಕೆಲಸವೂ ಮದುವೆಯೂ ತಕ್ಕಡಿಗೆ ಬಿದ್ದವು.

ಅವನು ಅಮ್ಮನಿಗೆ ಏನಾದರೂ ಹೇಳಿಯಾನೆಂದು ಅವಳು ಅಂಗಡಿಗೆ ಓಡಿ ನಡೆದದ್ದೆಲ್ಲ ತಿಳಿಸಿದಳು. ಅವನು ಡ್ರಮ್ಮಿನ ಹಗ್ಗ ಬಿಗಿಯುತ್ತ, ತಲೆಯೆತ್ತದೆ ಹೇಳಿದ: "ಒಂದೇ ದಿನ ತಾನೇ? ಸ್ವಲ್ಪ ಅಡ್ಜಸ್ಟ್ ಮಾಡ್ಕೊ. ಆಮೇಲೆ ನಿಂದೇ ರಾಜ್ಯ."

ಅವಳಿಗೆ ಅಂಗಾಲಿನಿಂದ ಉರಿ ಹತ್ತಿತು.

"ಮುಟ್ಟಿ ನೋಡದೆ ಏನನ್ನೂ ಒಪ್ಕೋಬೇಡಿ ಅಂತ ಆ ಮಕ್ಕಳಿಗೆ ಹೇಳ್ಕೊಟ್ಟಿದ್ದೀನಿ. ಅವರ ಮುಂದೇನೇ ತಲೆ ಬಗ್ಗಿಸ್ಲಾ? ನಿಮ್ಮನ್ನ ಮದುವೆಯಾಗೋ ಆಸೆಗಾ?" ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ನೀವೂ ಸಿಲಿಂಡರೇ. ನಾನು ನಿಲ್ಲಿಸಿದ್ರೆ ನಿಲ್ತೀರಿ, ನಿಮ್ಮಮ್ಮ ಬೆರಳಲ್ಲಿ ತಳ್ಳಿದ್ರೆ ಉರುಳ್ತೀರಿ."

ಡ್ರಮ್ಮನ್ನು ಅವತ್ತೇ ವಾಪಸ್ ಕಳಿಸಿದಳು. ಮನೆಗೆ ಹೋಗಿ ಹೊಟ್ಟೆ ತುಂಬಾ ಅತ್ತಳು. ಮನಸ್ಸು ಮಾತ್ರ ಬದಲಿಸಲಿಲ್ಲ.

ಪೇರೆಂಟ್ಸ್ ಡೇ ಬಂತು. ಗೋಡೆಯುದ್ದಕ್ಕೂ ಅಪ್ಪ ಅಮ್ಮಂದಿರು. ನಡುವೆ ಬೆಂಚು, ಅದಕ್ಕೊರಗಿದ ಹಲಗೆ! ಅದನ್ನು ನೋಡಿ ಮೇಡಂ ಹುಬ್ಬು ಗಂಟಿಕ್ಕಿದರು. ಸುತ್ತಿದ ಚಾರ್ಟನ್ನು ಕೈಯಲ್ಲಿ ಹಿಡಿದು ತಾವೇ ಮುಂದೆ ಬಂದರು.

"ಮಕ್ಕಳೇ, ನನ್ನ ಕೈಲಿ ಏನಿದೆ?"

"ಸಿಲಿಂಡರ್!"

ಅಪ್ಪ ಅಮ್ಮಂದಿರು ಗೊಳ್ಳೆಂದರು. ಮೇಡಂ ಗಡಿಬಿಡಿಯಲ್ಲಿ ಚಾರ್ಟ್ ಬಿಚ್ಚಿ ಹಿಡಿದರು. "ಇದು? ಇದೇನು?"

ಮಕ್ಕಳ ಮುಖ ಬಾಡಿತು. ಮುಂದಿನ ಹಲ್ಲು ಬಿದ್ದಿದ್ದ ಪುಟ್ಟಿ ಮರುಕದಿಂದ ಹೇಳಿದಳು: "ಅಯ್ಯೋ ಮೇಡಂ, ಹಾಳ್ಮಾಡ್ಬಿಟ್ರಲ್ಲಾ!"

ಈ ಸಲ ನಗು ಇನ್ನೂ ಜೋರಾಯಿತು. ಮೇಡಂ ಕಿವಿಯವರೆಗೂ ಕೆಂಪಾದರು. "ಟೀಚರ್, ಎಲ್ಲರೆದುರು ಕ್ಷಮೆ ಕೇಳಿ. ಇಲ್ಲಾಂದ್ರೆ ಇದೇ ನಿಮ್ಮ ಕೊನೇ ದಿನ."

ಟೀಚರ್ ಒಂದು ಹೆಜ್ಜೆ ಮುಂದೆ ಬಂದಳು. "ಕೇಳಲ್ಲ ಮೇಡಂ. ನಿಮ್ಮ ಚಾರ್ಟ್ ಚೆನ್ನಾಗಿದೆ. ಆದ್ರೆ ಅದನ್ನ ಸುತ್ತಿ ಕೈಲಿ ಹಿಡಿದಾಗ್ಲೇ ಮಕ್ಕಳಿಗೆ ಅದು ಏನೂಂತ ಗೊತ್ತಾಗಿದ್ದು. ನನ್ನ ಪಾಠ ಇದೇ."

"ಹಂಗಾದ್ರೆ ಕೆಲಸಾನೂ ಇಲ್ಲ, ನನ್ನ ಮಗನೂ ಇಲ್ಲ!"

"ಮಗ ಇಲ್ಲೇ ಇದ್ದಾನಮ್ಮ."

ಎಲ್ಲರೂ ತಿರುಗಿದರು. ಡ್ರಮ್ ಹೊತ್ತು ಒಳಬಂದವನು ಅದನ್ನು ಹಲಗೆಯ ಪಕ್ಕದಲ್ಲಿಟ್ಟು, ಟೀಚರಿನ ಪಕ್ಕಕ್ಕೆ ಬಂದು ನಿಂತ.

"ಅವಳಿಗೆ ಬಗ್ಗು ಅಂದೋರಲ್ಲಿ ನಾನೂ ಒಬ್ಬ. ತಪ್ಪು ನಂದೇ. ಅಮ್ಮ, ಕೆಲಸದಿಂದ ತೆಗೆದ್ರೆ ನನ್ನಂಗಡಿ ಇದೆ, ಅಲ್ಲೇ ಹಲಗೆ ಹಾಕ್ಕೊಡ್ತೀನಿ. ನಾನು ಮದುವೆಯಾದ್ರೆ ಇವಳನ್ನೇ. ಇವಳು ಒಪ್ಪಿದ್ರೆ."

"ಬಾ ಇಲ್ಲಿ, ನನ್ನ ಪಕ್ಕಕ್ಕೆ ಬಾ," ಎಂದರು ಮೇಡಂ.

ಅವನು ಕದಲಲಿಲ್ಲ.

ಟೀಚರಿಗೆ ಕಣ್ಣು ಮಂಜಾಯಿತು. ಆದರೂ ಅಷ್ಟು ಸುಲಭಕ್ಕೆ ಒಪ್ಪುವವಳೇ? "ಪರೀಕ್ಷೆ ಆಗ್ಲಿ," ಎಂದಳು. "ಮಕ್ಕಳೇ, ಇವರು ಉರುಳ್ತಾರಾ, ಜಾರ್ತಾರಾ, ನಿಲ್ತಾರಾ?"

ಅಷ್ಟು ಸಾಕಾಗಿತ್ತು. ಇಡೀ ತರಗತಿ ಅವನ ಮೇಲೆ ಮುಗಿಬಿತ್ತು. ಪುಟ್ಟಿ ಮೊಣಕಾಲಿಗೆ ಹೆಗಲು ಕೊಟ್ಟು ನೂಕಿದಳು, ಉಳಿದವರು ಪ್ಯಾಂಟು ಜಗ್ಗಿದರು. ಅವನು ಹಲ್ಲುಕಚ್ಚಿ ನಿಂತ. ಮೇಡಂ ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದರು. ಆಕೆಗೇ ತಿಳಿಯದಂತೆ ಆಕೆಯ ಕೈ ಚಾರ್ಟನ್ನು ಮತ್ತೆ ಸುತ್ತತೊಡಗಿತ್ತು.

"ನಿಲ್ತಾರೆ ಟೀಚರ್!" ಪುಟ್ಟಿ ಏದುಸಿರು ಬಿಡುತ್ತ ಕೂಗಿದಳು. "ಎಷ್ಟ್ ತಳ್ಳಿದ್ರೂ ಉರುಳ್ತಾನೇ ಇಲ್ಲ!"

"ಹಂಗಾದ್ರೆ ಒಪ್ಪಿದೆ," ಎಂದು ಟೀಚರ್ ಎಲ್ಲರೆದುರೇ ಅವನ ಕೈ ಹಿಡಿದಳು.