ಟಿಕೆಟ್ ಇಲ್ಲದ ಭಾನುವಾರಗಳು

‘ಅರ್ಧ ಗಂಟೇಲಿ ನೋಡಿ ಮುಗಿಸೋ ಊರಲ್ಲ ನಮ್ಮದು. ಮತ್ತೆ ಬನ್ನಿ, ಸರಿಯಾಗಿ ನೋಡಿ.’

ಕಾಮೆಂಟ್ ಓದಿ ಯಾಮಿನಿಗೆ ಸಿಟ್ಟು ಬಂತು. ಮೇಲೂರಿನ ಈ ಹುಡುಗಿಗೆ ವಾರವಿಡೀ ಶಿಡ್ಲಘಟ್ಟದ ಸಹಕಾರ ಸಂಘದಲ್ಲಿ ಕೆಲಸ. ಭಾನುವಾರ ಬಂದರೆ ಅಪ್ಪ ಅಮ್ಮನ ಜೊತೆ ಬುತ್ತಿ ಕಟ್ಟಿಕೊಂಡು, ಟಿಕೆಟ್ ಇಲ್ಲದ ಯಾವುದಾದರೂ ಜಾಗಕ್ಕೆ ಹೋಗಿ ವಿಡಿಯೋ ಮಾಡಿ ಹಾಕುತ್ತಿದ್ದಳು. ವಿದುರಾಶ್ವತ್ಥದ ವಿಡಿಯೋದಲ್ಲಿ, “ನಾಗರಕಲ್ಲು ನೋಡಿ, ಮರದ ನೆರಳಲ್ಲಿ ಊಟ ಮಾಡಿ, ಅರ್ಧ ಗಂಟೆ ಸಾಕು” ಅಂದಿದ್ದಳು.

‘ಈ ಭಾನುವಾರ ಬರ್ತೀನಿ. ಅದೇನಿದೆಯೋ ನೀವೇ ತೋರಿಸಿ’ ಎಂದು ಉತ್ತರ ಬರೆದಳು.

ಭಾನುವಾರ ಕಾಮೆಂಟ್ ಬರೆದವನು ವಿದುರಾಶ್ವತ್ಥದ ಗೇಟಿನ ಹತ್ತಿರ ಕಾಯುತ್ತಿದ್ದ. ಹೆಸರು ಸಿದ್ಧಾರ್ಥ್, ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ. ಜಗಳಕ್ಕೆ ತಯಾರಾಗಿ ಬಂದವಳನ್ನು ನಗುತ್ತಲೇ ಹುತಾತ್ಮರ ಸ್ಮಾರಕವಾದ ವೀರಸೌಧದೊಳಕ್ಕೆ ಕರೆದುಕೊಂಡು ಹೋದ.

“ಸ್ವಾತಂತ್ರ್ಯಕ್ಕೆ ಮುಂಚೆ ಇಲ್ಲಿ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ರು. ನಮ್ಮ ಮುತ್ತಾತ ಕೋನಪ್ಪನವರೂ ಅವರ ಮಧ್ಯೆ ಇದ್ರು. ಮೊಣಕಾಲಿಗೆ ಗುಂಡು ತಗುಲ್ತು. ಬದುಕಿರೋವರೆಗೂ ಕುಂಟ್ತಾನೇ ನಡೆದ್ರು. ಸತ್ತವರ ಜೊತೆ ಅವರ ಹೆಸರಿಲ್ಲ, ಉಳ್ಕೊಂಡವರಲ್ವಾ. ಅದಕ್ಕೆ ಬಂದವರಿಗೆಲ್ಲ ನಾನೇ ಹೇಳ್ತೀನಿ.”

ಹೇಳುವಾಗ ಅವನ ಕತ್ತು ನೆಟ್ಟಗಾಯಿತು, ಕಣ್ಣು ಹೊಳೆಯಿತು. ಯಾಮಿನಿ ಗೋಡೆಯ ಚಿತ್ರಗಳನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು.

“ಇದನ್ನೇ ವಿಡಿಯೋದಲ್ಲಿ ಹೇಳಿ,” ಎಂದು ಫೋನ್ ಎತ್ತಿ ಹಿಡಿದಳು. “ಕ್ಯಾಮೆರಾ ನೋಡಿ.”

“ನೋಡ್ತಾನೇ ಇದೀನಿ.”

“ಅದು ಕ್ಯಾಮೆರಾ ಅಲ್ಲ, ನನ್ನ ಮುಖ.”

ಅವನ ಕಿವಿ ಕೆಂಪಾಯಿತು. ಹಿಂದೆ ನಿಂತಿದ್ದ ಅವಳ ಅಮ್ಮ ಶ್ಯಾಮಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಹೊರಡುವಾಗ ಯಾಮಿನಿ ಹೇಳಿದಳು, “ನಮ್ಮ ಕಡೇನೂ ನೋಡೋದಿದೆ. ಬರ್ತೀರಾ?”

ಬಂದ. ಚಿಂತಾಮಣಿ ಹತ್ತಿರದ ಕೈಲಾಸಗಿರಿಯಲ್ಲಿ ಬಂಡೆ ಕೊರೆದ ಗುಹೆಯ ತಂಪಿನಲ್ಲಿ ಅವಳ ಪಕ್ಕ ನಡೆದ. ನಂದಿಯ ಭೋಗನಂದೀಶ್ವರನ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಶ್ಯಾಮಲಮ್ಮನ ಚಿತ್ರಾನ್ನ ತಿಂದ. ಅಪ್ಪ ಅಮ್ಮ ಸದಾ ಜೊತೆಗಿರುತ್ತಿದ್ದರು. ಮಾತೆಲ್ಲ ಊರು, ಬೆಟ್ಟ, ಗುಡಿಯದೇ. ಉಳಿದದ್ದನ್ನು ಕಣ್ಣುಗಳು ಆಡಿಕೊಳ್ಳುತ್ತಿದ್ದವು. ಅವಳು ನೀರಿನಲ್ಲಿ ಅವನ ನೆರಳು ನೋಡುವಳು. ಅವನು ಅದೇ ನೀರಿನಲ್ಲಿ ಅವಳನ್ನು ನೋಡುತ್ತ ಸಿಕ್ಕಿಬೀಳುವನು.

ಅವರೆಕಾಯಿ ಕಾಲ ಬರುವಷ್ಟರಲ್ಲಿ ಅವನು ಬರುವುದು ನಿಂತಿತು. ಯಾಮಿನಿಯೇ ಫೋನ್ ಮಾಡಿದಳು.

“ಯಾಕೆ ಬರ್ತಿಲ್ಲ?”

“ನಿಮ್ಮನೇಲಿ ಗಂಡು ನೋಡ್ತಿದಾರಂತೆ. ನಾನು ಅತಿಥಿ ಶಿಕ್ಷಕ ಯಾಮಿನಿ. ಈ ವರ್ಷ ಕರೀತಾರೆ, ಮುಂದಿನ ವರ್ಷ ಗೊತ್ತಿಲ್ಲ. ನಿಮ್ಮಪ್ಪನ ಮುಂದೆ ತಲೆ ತಗ್ಗಿಸಿ ನಿಲ್ಲೋಕೆ ನನಗಾಗಲ್ಲ.”

“ತಗ್ಗಿಸ್ಬೇಡಿ. ಎತ್ಕೊಂಡೇ ಬನ್ನಿ. ಭಾನುವಾರ ಆವಲಬೆಟ್ಟಕ್ಕೆ ಹೋಗ್ತಿದೀವಿ.”

ಆ ಬೆಳಿಗ್ಗೆ ಮಂಡಿಕಲ್ ದಾಟುವವರೆಗೂ ಮಂಜಿತ್ತು. ಬೆಟ್ಟದ ಮೇಲೆ ಬಿಸಿಲು ಬಿದ್ದಾಗ ಸಿದ್ಧಾರ್ಥ್ ಮೆಟ್ಟಿಲು ಹತ್ತಿ ಬಂದ. “ರಾ ನಾಯನಾ, ಬಾರಪ್ಪ, ಕೂತ್ಕೊ” ಅಂದರು ಶ್ಯಾಮಲಮ್ಮ. ಅವನು ಕೂರಲಿಲ್ಲ. ಬಂಡೆಯ ಮೇಲೆ ಕೂತಿದ್ದ ಯಾಮಿನಿಯ ಅಪ್ಪ ವೆಂಕಟರಾಮಪ್ಪನವರ ಎದುರು ನಿಂತ.

“ಅಂಕಲ್, ನಿಮ್ಮ ಮಗಳನ್ನ ಮದುವೆ ಆಗ್ಬೇಕು ಅಂತಿದೀನಿ. ಕೆಲಸ ಇನ್ನೂ ಕಾಯಂ ಆಗಿಲ್ಲ. ಪರೀಕ್ಷೆ ಬರ್ದಿದೀನಿ. ಆಗುತ್ತೆ ಅಂತ ಸುಳ್ಳು ಮಾತು ಕೊಡಲ್ಲ. ಪಾಠ ಚೆನ್ನಾಗಿ ಮಾಡ್ತೀನಿ, ಅಷ್ಟಂತೂ ನಿಜ.”

ಯಾಮಿನಿ ಅವನ ಪಕ್ಕಕ್ಕೆ ಬಂದು ನಿಂತಳು. “ಅಪ್ಪ, ನಂಗೂ ಇವರೇ ಬೇಕು. ಊರ ಬಗ್ಗೆ ಮಾತಾಡುವಾಗ ಇವರ ಮುಖ ನೋಡಿದೀಯಲ್ಲ.”

ವೆಂಕಟರಾಮಪ್ಪ ಕೆಳಗಿನ ಹೊಲಗಳಿಂದ ಕಣ್ಣು ತೆಗೆದು ಮಗಳನ್ನು ನೋಡಿದರು.

“ನೋಡಿದೀನಿ ಕಣಮ್ಮ. ಆಗ ನಿನ್ನ ಮುಖಾನೂ ನೋಡಿದೀನಿ. ಬಂದ ಗಂಡುಗಳೆಲ್ಲ ಸೈಟು, ಕಾರು ಅಂದ್ರು. ನನ್ನ ಮಗಳು ಏನು ಮಾಡ್ತಾಳೆ ಅಂತ ಒಬ್ಬನೂ ಕೇಳ್ಲಿಲ್ಲ.” ಸಿದ್ಧಾರ್ಥ್ ಕಡೆ ತಿರುಗಿದರು. “ಮನೆಯೋರನ್ನ ಕರ್ಕೊಂಡು ಮೇಲೂರಿಗೆ ಬಾಪ್ಪ.”

ಸಿದ್ಧಾರ್ಥ್ ಮತ್ತು ಯಾಮಿನಿ ಸ್ವಲ್ಪ ದೂರ ಹೋಗಿ ಗಾಳಿಗೆ ಮುಖ ಕೊಟ್ಟು ನಿಂತರು. ಅವನ ಬೆರಳು ಅವಳ ಬೆರಳನ್ನು ಹುಡುಕಿ ಹಿಡಿಯಿತು.

ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದ ಹೆಂಗಸೊಬ್ಬರು ಯಾಮಿನಿಯನ್ನು ಗುರುತು ಹಿಡಿದರು. “ನಿಮ್ಮ ವಿಡಿಯೋ ನೋಡೇ ಬಂದ್ವಿ ಕಣಮ್ಮ. ಇವರು ಯಾರು?”

ಸಿದ್ಧಾರ್ಥ್ ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

“ನಾನು ಮದುವೆ ಆಗೋ ಹುಡುಗ,” ಅಂದಳು, ಬೆಟ್ಟದ ಮೇಲಿದ್ದವರಿಗೆಲ್ಲ ಕೇಳುವ ಹಾಗೆ. “ಗೌರಿಬಿದನೂರಿನ ಮೇಷ್ಟ್ರು.”